ಬೆಕ್ಕಿಗೂ ಸಕ್ಕರೆ ಕಾಯಿಲೆ: ಮನೆಯಲ್ಲಿ ಆರೈಕೆ ಮಾಡುವ ಬಗೆ



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಹಸುವಿನ ಕೆಚ್ಚಲು ಬಾವು, ಮಳೆಗಾಲದ ಜ್ವರ ಇಂತಹ ವಿಷಯಗಳನ್ನು ಬರೆಯುತ್ತೇವೆ. ಈ ಸಲ ಬೆಕ್ಕಿನ ವಿಷಯ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಕಾಸರಗೋಡು ಜಿಲ್ಲೆಯ ನಮ್ಮ ತೋಟದ ಮನೆಗಳಲ್ಲಿ ಬೆಕ್ಕು ಬರೇ ಮುದ್ದಿಗಾಗಿ ಇರುವ ಪ್ರಾಣಿಯಲ್ಲ. ಚೀಲದ ಅಕ್ಕಿ, ಒಣಹಾಕಿದ ಕೊಬ್ಬರಿ, ಮೂಲೆಯಲ್ಲಿ ಕಟ್ಟಿಟ್ಟ ಗೇರುಬೀಜ ಇಲಿಯ ಪಾಲಾಗದಂತೆ ಕಾಯುವುದು ಅದೇ. ಹೀಗೆ ದುಡಿಯುವ ಪ್ರಾಣಿ ಕಾಯಿಲೆ ಬಿದ್ದಾಗ ಏನು ಮಾಡಬೇಕೆಂದು ತಿಳಿದವರು ಕಡಿಮೆ.

ಒಂದು ಜೂನ್ ತಿಂಗಳಲ್ಲಿ, ಎಡೆಬಿಡದ ಮಳೆಯ ನಡುವೆ, ನಮ್ಮ ಸೌದೆ ಕೊಟ್ಟಿಗೆಯಲ್ಲಿ ಒಂದು ಗಂಡು ಬೆಕ್ಕು ಬಂದು ಕುಳಿತಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿದ ಬೆಕ್ಕು. ಕರೆದರೆ ಹತ್ತಿರ ಬರುತ್ತಿತ್ತು. ಯಾರೋ ಸಾಕಿ ಬಿಟ್ಟದ್ದೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಟ್ಟಷ್ಟೂ ತಿನ್ನುತ್ತಿತ್ತು, ಆದರೂ ಬೆನ್ನೆಲುಬು ಎದ್ದು ಕಾಣುತ್ತಿತ್ತು. ಬಚ್ಚಲ ಬಕೆಟಿನಿಂದ, ಹೂಕುಂಡದ ತಟ್ಟೆಯಿಂದ, ಎಲ್ಲಿ ಸಿಕ್ಕಿದರೆ ಅಲ್ಲಿಂದ ನೀರು ಕುಡಿಯುತ್ತಿತ್ತು. ಹೊಟ್ಟೆಯಲ್ಲಿ ಹುಳವೆಂದು ನಾವು ಭಾವಿಸಿದೆವು. ಮೃಗಾಸ್ಪತ್ರೆಯಲ್ಲಿ ರಕ್ತ ಮತ್ತು ಮೂತ್ರ ನೋಡಿದ ವೈದ್ಯರು, “ಇದಕ್ಕೆ ಸಕ್ಕರೆ ಕಾಯಿಲೆ” ಎಂದರು. ಅಂದಿನಿಂದ ನಾವು ಕಲಿತದ್ದನ್ನೂ, ಮಾಡಿದ ಒಂದು ದೊಡ್ಡ ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಇದು ಎಂತಹ ಕಾಯಿಲೆ?

ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿ ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ರಕ್ತದಲ್ಲಿರುವ ಸಕ್ಕರೆಯು ಮಾಂಸಖಂಡದ ಒಳಗೆ ಹೋಗಿ ಶಕ್ತಿಯಾಗಬೇಕಾದರೆ ಈ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದರೂ ಶರೀರ ಅದಕ್ಕೆ ಓಗೊಡದಿದ್ದರೆ, ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ಬೆಕ್ಕುಗಳ ಕಾಯಿಲೆ ಹೆಚ್ಚಾಗಿ ನಮ್ಮಲ್ಲಿ ನಡುವಯಸ್ಸಿನವರಿಗೆ ಬರುವ ಎರಡನೆಯ ಬಗೆಯ ಮಧುಮೇಹವನ್ನು ಹೋಲುತ್ತದೆ. ವಯಸ್ಸಾದ ಬೆಕ್ಕು, ಕೊಬ್ಬಿದ ಬೆಕ್ಕು, ಶಸ್ತ್ರಚಿಕಿತ್ಸೆ ಆದ ಗಂಡು ಬೆಕ್ಕು, ತುರಿಕೆಗೋ ಉಬ್ಬಸಕ್ಕೋ ಬಹಳ ದಿನ ಸ್ಟಿರಾಯ್ಡ್ ಔಷಧಿ ತೆಗೆದುಕೊಂಡ ಬೆಕ್ಕು, ಇವುಗಳಿಗೆ ಅಪಾಯ ಹೆಚ್ಚು.

ರಕ್ತದ ಸಕ್ಕರೆ 100 ಮಿಲಿಲೀಟರಿಗೆ ಸುಮಾರು 250 ಮಿಲಿಗ್ರಾಂ ದಾಟಿದಾಗ ಬೆಕ್ಕಿನ ಮೂತ್ರಪಿಂಡಕ್ಕೆ ಅದನ್ನು ತಡೆದಿಡಲಾಗುವುದಿಲ್ಲ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ಹೋಗುವಾಗ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಆದ್ದರಿಂದಲೇ ಹೆಚ್ಚು ಮೂತ್ರ, ಹೆಚ್ಚು ಬಾಯಾರಿಕೆ. ತಿಂದದ್ದು ಮೈಗೆ ಹತ್ತದ ಕಾರಣ ಹಸಿವು ಇಂಗುವುದಿಲ್ಲ, ತೂಕ ಇಳಿಯುತ್ತದೆ. ಕಾಯಿಲೆ ಹಳೆಯದಾದರೆ ಹಿಂಗಾಲಿನ ನರಗಳು ಸೋಲುತ್ತವೆ. ಬೆರಳ ತುದಿಯಲ್ಲಿ ನಡೆಯಬೇಕಾದ ಬೆಕ್ಕು ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯತೊಡಗುತ್ತದೆ. ಅಂಗಳದಲ್ಲಿ ಬೆಕ್ಕು ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತಿದ್ದರೆ ಅದೂ ಒಂದು ಸೂಚನೆ.

ಒಂದೇ ಒಂದು ಸಲ ಸಕ್ಕರೆ ಹೆಚ್ಚು ಕಂಡಿತೆಂದು ಕಾಯಿಲೆ ಎಂದು ತೀರ್ಮಾನಿಸಬಾರದು. ಹೆದರಿದ ಬೆಕ್ಕಿನ ಸಕ್ಕರೆ ಕ್ಷಣದಲ್ಲಿ ಏರುತ್ತದೆ. ಗೋಣಿಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಕುಲುಕಾಡಿಸಿಕೊಂಡು, ನಾಯಿ ಬೊಗಳುವ ಆಸ್ಪತ್ರೆಯ ಜಗಲಿಯಲ್ಲಿ ಕೂರಿಸಿದ ಬೆಕ್ಕಿಗೆ ಕಾಯಿಲೆ ಇಲ್ಲದೆಯೂ 300 ತೋರಿಸಬಹುದು. ರಕ್ಷಿಸಿ ತಂದ ಬೆಕ್ಕಿನ ವಿಷಯದಲ್ಲಿ ಇದು ಇನ್ನೂ ನಿಜ. ಆದ್ದರಿಂದ ವೈದ್ಯರು ಮೂತ್ರವನ್ನೂ ನೋಡುತ್ತಾರೆ. ಸಂದೇಹವಿದ್ದರೆ ಫ್ರಕ್ಟೋಸಮೀನ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಎರಡು ಮೂರು ವಾರಗಳಲ್ಲಿ ಸಕ್ಕರೆ ಸರಾಸರಿ ಹೇಗಿತ್ತೆಂದು ಅದು ತಿಳಿಸುತ್ತದೆ.

ಮೊದಲ ಎಚ್ಚರಿಕೆ

ಬೀದಿಯಿಂದ ತಂದ ಬೆಕ್ಕಿಗೆ ಹುಚ್ಚುರೋಗದ ಲಸಿಕೆ ಹಾಕಿಸುವುದು ಮೊದಲ ಕೆಲಸ. ಅದು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಅರಸಿನ, ಸುಣ್ಣ, ಕಾಫಿಪುಡಿ ಹಚ್ಚಿ ಕೂರಬಾರದು. ಸಕ್ಕರೆ ಕಾಯಿಲೆಯ ಬೆಕ್ಕಿಗೆ ದಿನಕ್ಕೆ ಎರಡು ಸಲ ಸೂಜಿ ಚುಚ್ಚುವವರು ಇದನ್ನು ಮರೆಯಲೇಬಾರದು.

ಸಕ್ಕರೆ ಏರಿಳಿಯುವುದೇಕೆ?

ಚಿಕಿತ್ಸೆ ಶುರುವಾದ ಮೇಲೂ ಕೆಲವು ಬೆಕ್ಕುಗಳ ಸಕ್ಕರೆ ಒಂದು ದಿನ 400, ಮರುದಿನ 90 ಎಂದು ಉಯ್ಯಾಲೆಯಾಡುತ್ತದೆ. ಔಷಧಿ ಸರಿಯಿಲ್ಲವೆಂದು ನಾವು ತಕ್ಷಣ ಹೇಳಿಬಿಡುತ್ತೇವೆ. ಆದರೆ ಕಾರಣ ಹೆಚ್ಚಾಗಿ ಮನೆಯಲ್ಲಿಯೇ ಇರುತ್ತದೆ. ಒಂದು ದಿನ ಬೆಳಿಗ್ಗೆ ಆರಕ್ಕೆ, ಇನ್ನೊಂದು ದಿನ ಒಂಬತ್ತಕ್ಕೆ ಸೂಜಿ. ಒಂದು ದಿನ ಮೀನು, ಮರುದಿನ ಬರೇ ಅನ್ನ. ಸೂಜಿ ಕೂದಲಿನಲ್ಲಿಯೇ ಹೋಗಿ ಔಷಧಿ ಹೊರಗೆ ಚೆಲ್ಲುವುದು. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗುವುದು. ನೆರೆಮನೆಯವರು ಪ್ರೀತಿಯಿಂದ ಹಾಲನ್ನ ಹಾಕುವುದು. ಇವುಗಳನ್ನೆಲ್ಲ ಸರಿಪಡಿಸಿದ ಮೇಲೂ ಹತೋಟಿಗೆ ಬಾರದಿದ್ದರೆ ಆಗ ಶರೀರದೊಳಗಿನ ಕಾರಣ ಹುಡುಕಬೇಕು. ಹಲ್ಲಿನ ಮತ್ತು ವಸಡಿನ ಹುಣ್ಣು, ಮೂತ್ರಕೋಶದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ ಇವುಗಳಿದ್ದರೆ ಇನ್ಸುಲಿನ್ ಕೆಲಸ ಮಾಡುವುದಿಲ್ಲ. ನಮ್ಮ ಬೆಕ್ಕಿಗೆ ಎರಡು ಹಲ್ಲು ಕೊಳೆತಿದ್ದವು. ಅವನ್ನು ತೆಗೆಸಿದ ಮೇಲೆಯೇ ಸಕ್ಕರೆ ಒಂದು ಹದಕ್ಕೆ ಬಂತು.

ಎರಡು ಗಂಟೆಗಳ ನಿಯಮ

ಬೆಕ್ಕಿಗೆ ಹೆಚ್ಚಾಗಿ ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನನ್ನು ಹನ್ನೆರಡು ಗಂಟೆಗೊಮ್ಮೆ ಕೊಡುತ್ತಾರೆ. ಎಷ್ಟು ಎಂಬುದನ್ನು ವೈದ್ಯರೇ ನಿಶ್ಚಯಿಸಬೇಕು. ಅನೇಕ ಬೆಕ್ಕುಗಳಿಗೆ ಒಂದೊಂದು ಯೂನಿಟಿನಿಂದ ಆರಂಭ. ನಮ್ಮ ಮನೆಯಲ್ಲಿ ಗಡಿಯಾರ ನೋಡುವ ಕಷ್ಟವಿಲ್ಲ. ಇಗರ್ಜಿಯಲ್ಲಿ ಬೆಳಿಗ್ಗೆ ಆರರ ಗಂಟೆ ಕೇಳಿದಾಗ ಒಂದು, ಸಂಜೆ ಆರರ ಗಂಟೆ ಕೇಳಿದಾಗ ಇನ್ನೊಂದು. ಪ್ರಾರ್ಥನೆ ಮುಗಿಸಿ ಮೊದಲು ಊಟ ಇಡುತ್ತೇವೆ, ಬೆಕ್ಕು ತಿಂದದ್ದನ್ನು ಕಣ್ಣಾರೆ ನೋಡಿ ಅನಂತರ ಸೂಜಿ.

ಪಕ್ಕೆಯ ಅಥವಾ ಭುಜದ ಹಿಂದಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ ಹಿಡಿದು ಚರ್ಮದ ಅಡಿಗೆ ಚುಚ್ಚಬೇಕು. ದಿನವೂ ಒಂದೇ ಕಡೆ ಬೇಡ, ಎಡ ಬಲ ಬದಲಾಯಿಸಿ. ಸೂಜಿ ಬಹಳ ಸಣ್ಣದು. ನಾವು ಹೆದರುವಷ್ಟು ಬೆಕ್ಕು ಹೆದರುವುದಿಲ್ಲ. ಮೂರು ವಿಷಯಗಳನ್ನು ನೆನಪಿಡಿ. ಬೆಕ್ಕು ತಿನ್ನದಿದ್ದರೆ ಅಥವಾ ವಾಂತಿ ಮಾಡಿದರೆ ಎಂದಿನ ಪ್ರಮಾಣ ಚುಚ್ಚಬೇಡಿ, ವೈದ್ಯರನ್ನು ಕೇಳಿ. ಒಂದು ಹೊತ್ತಿನ ಔಷಧಿ ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡರಷ್ಟು ಕೊಡಬೇಡಿ. ಬೆಕ್ಕು ಹಾರಿ ಔಷಧಿ ಒಳಗೆ ಹೋಯಿತೋ ಇಲ್ಲವೋ ಎಂದು ಅನುಮಾನವಾದರೆ ಮತ್ತೊಮ್ಮೆ ಚುಚ್ಚಬೇಡಿ. ಒಂದು ಹೊತ್ತು ಸಕ್ಕರೆ ಹೆಚ್ಚಿದ್ದರೆ ಬೆಕ್ಕು ಸಾಯುವುದಿಲ್ಲ, ಆದರೆ ಇನ್ಸುಲಿನ್ ಹೆಚ್ಚಾದರೆ ಗಂಟೆಗಳಲ್ಲಿ ಸಾಯಬಹುದು. ಈ ಲೇಖನದಿಂದ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ಸೂಜಿ ಕೊಟ್ಟವರು ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಬೇಕು. ಇಲ್ಲವಾದರೆ ಅಪ್ಪ ಕೊಟ್ಟದ್ದು ತಿಳಿಯದೆ ಮಗಳು ಮತ್ತೆ ಕೊಡುವ ಅಪಾಯವಿದೆ.

ನಾವು ಮಾಡಿದ ತಪ್ಪು

ಚಿಕಿತ್ಸೆಯ ಮೂರನೆಯ ವಾರ. ಬೆಕ್ಕಿಗೆಂದು ತಂದ ಸಿರಿಂಜುಗಳು ಮುಗಿದಿದ್ದವು. ಹೊರಗೆ ಜಡಿಮಳೆ. ಮನೆಯ ಹಿರಿಯರಿಗೂ ಸಕ್ಕರೆ ಕಾಯಿಲೆ ಇರುವುದರಿಂದ ಅವರ ಹೊಸ ಸಿರಿಂಜೊಂದನ್ನು ತೆಗೆದು ಅದರ ಒಂದನೆಯ ಗೆರೆಯವರೆಗೆ ಬೆಕ್ಕಿನ ಔಷಧಿ ಎಳೆದು ಚುಚ್ಚಿದೆವು. ಒಂದು ಯೂನಿಟ್ ಎಂದರೆ ಒಂದು ಯೂನಿಟ್, ಅದರಲ್ಲೇನು ವ್ಯತ್ಯಾಸ ಎಂದು ನಮ್ಮ ಲೆಕ್ಕ.

ವ್ಯತ್ಯಾಸ ಇತ್ತು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಎರಡು ಸಾಂದ್ರತೆಗಳಲ್ಲಿ ಸಿಗುತ್ತದೆ. ಒಂದರಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. 40ರ ಸಿರಿಂಜಿಗೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಹಿರಿಯರದ್ದು 40ರ ಕೆಂಪು ಮುಚ್ಚಳದ ಸಿರಿಂಜು. ಬೆಕ್ಕಿನ ಗ್ಲಾರ್ಜಿನ್ 100ರದ್ದು. ಕೆಂಪು ಸಿರಿಂಜಿನ ಒಂದು ಗೆರೆಯಲ್ಲಿ ಗ್ಲಾರ್ಜಿನ್ ಎಳೆದರೆ ಒಳಗೆ ಹೋಗುವುದು ಒಂದಲ್ಲ, ಎರಡೂವರೆ ಯೂನಿಟ್. ತಿರುಗಾಮುರುಗಾ ಆದರೆ, ಅಂದರೆ 40ರ ಔಷಧಿಯನ್ನು 100ರ ಸಿರಿಂಜಿನಲ್ಲಿ ಎಳೆದರೆ, ಅರ್ಧಕ್ಕಿಂತಲೂ ಕಡಿಮೆ ಹೋಗುತ್ತದೆ.

ಬೆಳಿಗ್ಗೆ ಹತ್ತೂವರೆಗೆ ಬೆಕ್ಕು ಕುಡಿದವರಂತೆ ತೂರಾಡುತ್ತಾ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಬಿತ್ತು. ಕೈಕಾಲು ಅದುರುತ್ತಿದ್ದವು, ಕಣ್ಣು ಎಲ್ಲೋ ನೆಟ್ಟಿತ್ತು. ಕಪಾಟಿನಲ್ಲಿದ್ದ ಜೇನುತುಪ್ಪವನ್ನು ಬೆರಳಿನಿಂದ ವಸಡಿಗೆ ಉಜ್ಜಿದೆವು. ಹತ್ತು ನಿಮಿಷದಲ್ಲಿ ತಲೆ ಎತ್ತಿತು. ಹಾಗೆಯೇ ರಿಕ್ಷಾದಲ್ಲಿ ಮೃಗಾಸ್ಪತ್ರೆಗೆ ಒಯ್ದೆವು. ಸಂಜೆಯವರೆಗೆ ಅಲ್ಲಿ ಗ್ಲುಕೋಸ್ ಏರಿಸಿದರು. ಬದುಕಿತು. ಆ ದಿನ ಮನೆಯಲ್ಲಿ ಯಾರೂ ಇರದಿದ್ದರೆ ಬದುಕುತ್ತಿರಲಿಲ್ಲ. ಇದೇ ತಪ್ಪು ಮನುಷ್ಯರಿಗೂ ಆಗಬಹುದು ಎಂಬುದನ್ನು ಇನ್ಸುಲಿನ್ ತೆಗೆದುಕೊಳ್ಳುವವರಿರುವ ಪ್ರತಿಯೊಂದು ಮನೆಯವರೂ ಗಮನಿಸಬೇಕು. ಬಾಟಲಿಯ ಮೇಲಿನ ಸಂಖ್ಯೆಯೂ ಸಿರಿಂಜಿನ ಮೇಲಿನ ಸಂಖ್ಯೆಯೂ ಒಂದೇ ಇರಬೇಕು. ಈಗ ನಮ್ಮಲ್ಲಿ ಎರಡಕ್ಕೂ ಬೇರೆ ಬೇರೆ ಡಬ್ಬ, ಬೇರೆ ಬೇರೆ ಕಪಾಟು.

ಸಕ್ಕರೆ ಕುಸಿದರೆ ಏನು ಮಾಡಬೇಕು?

1. ತೂರಾಟ, ನಿಶ್ಶಕ್ತಿ, ಅದುರುವಿಕೆ, ದಿಕ್ಕು ತಪ್ಪಿದಂತೆ ನೋಡುವುದು, ಸೆಳೆತ, ಇವು ಸಕ್ಕರೆ ಕುಸಿದ ಲಕ್ಷಣಗಳು. ಅಳೆದು ನೋಡುವ ಯಂತ್ರ ಕೈಯಲ್ಲಿಲ್ಲದಿದ್ದರೆ ಹುಡುಕುತ್ತಾ ಹೊತ್ತು ಕಳೆಯಬೇಡಿ.

2. ಎಚ್ಚರವಿದ್ದು ತಿನ್ನುವಂತಿದ್ದರೆ ಕೂಡಲೇ ಊಟ ಕೊಡಿ.

3. ತಿನ್ನದಿದ್ದರೆ ಜೇನು ಅಥವಾ ಗಟ್ಟಿ ಸಕ್ಕರೆಪಾಕವನ್ನು ಸ್ವಲ್ಪ ಸ್ವಲ್ಪವಾಗಿ ವಸಡಿಗೆ ಉಜ್ಜಿ. ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಸೆಳೆತವಿದ್ದಾಗ ಬಾಯೊಳಗೆ ಬೆರಳು ಹಾಕಿದರೆ ಕಚ್ಚೀತು, ತುಟಿಯ ಒಳಬದಿಗೆ ಮಾತ್ರ ಹಚ್ಚಿ.

4. ಚೇತರಿಸಿದರೂ ವೈದ್ಯರಲ್ಲಿಗೆ ಒಯ್ಯಿರಿ. ಒಳಗೆ ಹೋದ ಇನ್ಸುಲಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅವರು ಹೇಳುವವರೆಗೆ ಮುಂದಿನ ಸೂಜಿ ಬೇಡ.

ಇದಕ್ಕೆ ವಿರುದ್ಧವಾದ ಅಪಾಯವೂ ಒಂದಿದೆ. ಬಹಳ ದಿನ ಇನ್ಸುಲಿನ್ ಸಾಲದೆ ಹೋದರೆ ಶರೀರ ಕೊಬ್ಬನ್ನು ಕರಗಿಸಿ ರಕ್ತವನ್ನು ಆಮ್ಲವಾಗಿಸುತ್ತದೆ. ಊಟ ಬಿಡುವುದು, ವಾಂತಿ, ಸುಸ್ತು, ಉಸಿರಿನಲ್ಲಿ ವಿಚಿತ್ರ ವಾಸನೆ ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಅಳತೆ

ಮನುಷ್ಯರ ಗ್ಲುಕೋಮೀಟರಿನಿಂದ ಬೆಕ್ಕಿನ ಸಕ್ಕರೆಯನ್ನೂ ನೋಡಬಹುದು. ಅದು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ ಎಂಬುದು ಗೊತ್ತಿರಲಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕಿವಿಯನ್ನು ಬೆಚ್ಚಗೆ ಮಾಡಿ, ಕಿವಿಯ ಅಂಚಿನಲ್ಲಿ ಚುಚ್ಚಿದರೆ ಒಂದು ಹನಿ ಸಿಗುತ್ತದೆ. ಮನೆಯಲ್ಲಿಯೇ ಅಳೆದರೆ ಬಸ್ಸಿನ ಭಯದಿಂದ ಏರುವ ಸಕ್ಕರೆಯ ಗೊಂದಲವೂ ಇರುವುದಿಲ್ಲ.

ಆದರೆ ಅಳತೆಗೂ ಒಂದು ಮಿತಿ ಬೇಕು. ಸಂಖ್ಯೆ ಹೆಚ್ಚು ಕಂಡಾಗಲೆಲ್ಲ ಔಷಧಿ ಏರಿಸುವುದು, ಕಡಿಮೆ ಕಂಡಾಗ ಇಳಿಸುವುದು, ಹೀಗೆ ಅದರ ಬೆನ್ನಟ್ಟಿದರೆ ಸಕ್ಕರೆ ಎಂದಿಗೂ ನಿಲ್ಲುವುದಿಲ್ಲ. ಸಕ್ಕರೆ ತೀರ ಕುಸಿದ ಸಂದರ್ಭವನ್ನು ಬಿಟ್ಟರೆ, ಒಂದು ಪ್ರಮಾಣ ಆರಂಭಿಸಿದ ಮೇಲೆ ಕಡಿಮೆಯೆಂದರೆ ಒಂದು ವಾರವಾದರೂ ಅದರಲ್ಲೇ ಇದ್ದು ನೋಡಬೇಕು. ದಿನದ ಹೆಚ್ಚಿನ ಹೊತ್ತು ಸಕ್ಕರೆ 100ರಿಂದ 300ರ ಒಳಗಿದ್ದು, ಬೆಕ್ಕು ಮೈ ನೆಕ್ಕಿಕೊಂಡು, ಹದವಾಗಿ ನೀರು ಕುಡಿದು, ತೂಕ ಉಳಿಸಿಕೊಂಡಿದ್ದರೆ ವೈದ್ಯರಿಗೆ ಸಾಮಾನ್ಯವಾಗಿ ಅಷ್ಟು ಸಾಕು. ವಾರಕ್ಕೊಮ್ಮೆ ತೂಕ, ದಿನಕ್ಕೆ ಎಷ್ಟು ನೀರು ಎಂಬ ಲೆಕ್ಕ, ಇವೆರಡನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಆಹಾರ

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಕುವುದು ಅನ್ನ, ಅದರ ಮೇಲೆ ಮೀನಿನ ತಲೆ, ಸ್ವಲ್ಪ ಹಾಲು. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಶರೀರಕ್ಕೆ ಅನ್ನದ ಪಿಷ್ಟವನ್ನು ನಿಭಾಯಿಸುವ ಶಕ್ತಿ ಕಡಿಮೆ. ಸಕ್ಕರೆ ಕಾಯಿಲೆ ಬಂದ ಬೆಕ್ಕಿಗೆ ಅನ್ನ, ಗಂಜಿ, ರೊಟ್ಟಿ, ಬಿಸ್ಕತ್ತು, ಹಾಲು ಕ್ರಮೇಣ ನಿಲ್ಲಿಸಿ ಮೀನು, ಕೋಳಿಮಾಂಸ, ಮೊಟ್ಟೆಯ ಕಡೆಗೆ ತರಬೇಕು. ಆದರೆ ಊಟ ಬದಲಾಯಿಸಿದರೆ ಬೇಕಾಗುವ ಇನ್ಸುಲಿನ್ ಕೂಡ ಇಳಿಯುತ್ತದೆ. ಆದ್ದರಿಂದ ವೈದ್ಯರಿಗೆ ತಿಳಿಸಿಯೇ ಬದಲಾಯಿಸಿ. ಬೇಗನೆ ಇನ್ಸುಲಿನ್ ಆರಂಭಿಸಿ, ಪಿಷ್ಟ ಕಡಿಮೆ ಮಾಡಿದ ಕೆಲವು ಬೆಕ್ಕುಗಳಿಗೆ ತಿಂಗಳುಗಳ ನಂತರ ಇನ್ಸುಲಿನ್ ಬೇಡವಾಗುವುದೂ ಉಂಟು.

ಬೂತಾಯಿ, ಬಂಗುಡೆಯನ್ನು ಉಪ್ಪು, ಹುಳಿ, ಖಾರ ಇಲ್ಲದೆ ಬೇಯಿಸಿ, ಮುಳ್ಳು ತೆಗೆದು, ಬೇಯಿಸಿದ ನೀರಿನೊಡನೆ ಕೊಡಿ. ಬೆಕ್ಕಿಗೆ ಅತ್ಯಗತ್ಯವಾದ ಟಾರಿನ್ ಎಂಬ ಅಂಶ ಆ ನೀರಿಗೆ ಇಳಿದಿರುತ್ತದೆ. ಹಸಿ ಮೀನನ್ನೇ ದಿನವೂ ಕೊಟ್ಟರೆ ಬಿ1 ಜೀವಸತ್ವ ನಾಶವಾಗಿ ನರಗಳಿಗೆ ತೊಂದರೆ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ, ಆದ್ದರಿಂದ ನಮ್ಮ ಮೀನುಸಾರು ಅದಕ್ಕೆ ಬೇಡ. ಬರೇ ಮೀನಿನಲ್ಲಿ ಎಲ್ಲ ಪೋಷಕಾಂಶಗಳೂ ಇಲ್ಲದಿರುವುದರಿಂದ ಬೇರೆ ಏನು ಸೇರಿಸಬೇಕೆಂದು ವೈದ್ಯರನ್ನು ಕೇಳಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರೋಲಿಂಗ್ ನಿಷೇಧವಿರುವಾಗ ಮೀನು ದುಬಾರಿ. ಆಗ ಒಣಮೀನಿಗೆ ಇಳಿಯಬೇಡಿ, ಅದರಲ್ಲಿ ಉಪ್ಪು ವಿಪರೀತ. ಕೋಳಿ, ಮೊಟ್ಟೆಯ ಏರ್ಪಾಟು ಮೊದಲೇ ಮಾಡಿ.

ಸಕ್ಕರೆ ಇಳಿಸಲೆಂದು ಬೆಕ್ಕನ್ನು ಉಪವಾಸ ಕೆಡವಲೇಬಾರದು. ದಪ್ಪ ಬೆಕ್ಕು ಕೆಲವು ದಿನ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಸಾಯಬಹುದು. ತಪಸ್ಸುಕಾಲದ ಉಪವಾಸ ನಮಗೆ, ಬೆಕ್ಕಿಗಲ್ಲ.

ಔಷಧಿಯ ಜೋಪಾನ

ಇನ್ಸುಲಿನನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡಿ, ಮಂಜುಗಡ್ಡೆಯ ಖಾನೆಯಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದರೆ ಅದು ಹಾಳು. ಜೋರಾಗಿ ಅಲ್ಲಾಡಿಸಬೇಡಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಕದಡಿದಂತೆ ಕಂಡರೆ ಬಳಸಬೇಡಿ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ತಯಾರಕರು ಹೇಳುವ ಅವಧಿ 28 ದಿನ. ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋದಾಗ ಬಾಟಲಿಯನ್ನು ನೀರು ತಾಗದಂತೆ ಡಬ್ಬದಲ್ಲಿ ಹಾಕಿ, ಒದ್ದೆ ಮಣ್ಣಿನ ಮಡಕೆಯೊಳಗೆ ನೆರಳಲ್ಲಿ ಇಡಬಹುದು. ಒಂದು ಬಾಟಲಿ ಹೆಚ್ಚಿಗೆ ಇರಲಿ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಪಟ್ಟ ಪಾಡು ಯಾರೂ ಮರೆತಿಲ್ಲ.

ಮನುಷ್ಯರ ಸಕ್ಕರೆ ಮಾತ್ರೆಗಳನ್ನು ಬೆಕ್ಕಿಗೆ ಪುಡಿಮಾಡಿ ಹಾಕುವುದು ಬೇಡ. ಬೆಕ್ಕುಗಳಿಗೆಂದೇ ತಯಾರಿಸಿದ, ಬಾಯಿಯ ಮೂಲಕ ಕೊಡುವ ಎರಡು ಔಷಧಿಗಳಿಗೆ ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅವು ಎಲ್ಲ ಬೆಕ್ಕುಗಳಿಗೂ ಸಲ್ಲುವುದಿಲ್ಲ. ಬಳಸುವುದಾದರೆ ವೈದ್ಯರ ಕಣ್ಣೆದುರೇ ಆಗಬೇಕು.

ಬೆಕ್ಕಿಗೆ ಇಷ್ಟು ಖರ್ಚು ಸರಿಯೇ?

ಈ ಪ್ರಶ್ನೆಯನ್ನು ನಮ್ಮ ವಾಳೆಯಲ್ಲೇ ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ಪ್ರಾಣಿಗಳು ದೇವರ ಸೃಷ್ಟಿ, ಅವುಗಳಿಗೆ ಸುಮ್ಮನೆ ನೋವು ಕೊಡುವುದು ಮನುಷ್ಯನ ಘನತೆಗೆ ತಕ್ಕದ್ದಲ್ಲ ಎಂಬುದು ಒಂದು. ಮನುಷ್ಯರ ಕಷ್ಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಪ್ರಾಣಿಗಳಿಗೆ ಸುರಿಯುವುದೂ ಸರಿಯಲ್ಲ ಎಂಬುದು ಇನ್ನೊಂದು. ಆದ್ದರಿಂದ ಮನೆಯ ರೋಗಿಗೆಂದು ಆರೋಗ್ಯ ಕೇಂದ್ರದಿಂದ ಬಂದ ಇನ್ಸುಲಿನನ್ನು ಬೆಕ್ಕಿಗೆ ಹಂಚಬಾರದು. ಪಕ್ಕದ ಮನೆಯವರು ಔಷಧಿಗೆ ಹಣವಿಲ್ಲದೆ ಕುಳಿತಿದ್ದರೆ ಮೊದಲು ಅತ್ತ ನೋಡಬೇಕು. ಎಷ್ಟು ಪ್ರಯತ್ನಿಸಿದರೂ ನಿಭಾಯಿಸಲಾಗದ ಮನೆಯವರು ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ನರಳುವ ಬೆಕ್ಕನ್ನು ಪೇಟೆಯಲ್ಲೋ ಇಗರ್ಜಿಯ ಮೈದಾನದಲ್ಲೋ ಬಿಟ್ಟು ಬರುವುದು ಮಾತ್ರ ಉತ್ತರವಲ್ಲ.

ಇನ್ನೊಂದು ಋಣವೂ ಇದೆ. ಮೇದೋಜೀರಕ ಗ್ರಂಥಿಗೂ ಸಕ್ಕರೆ ಕಾಯಿಲೆಗೂ ಸಂಬಂಧವಿದೆಯೆಂದು 1889ರಲ್ಲಿ ತಿಳಿದದ್ದು ನಾಯಿಗಳಿಂದ. 1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಈ ರಸದ ಗುಣವನ್ನು ಮೊದಲು ಕಂಡುಕೊಂಡದ್ದೂ ನಾಯಿಗಳ ಮೇಲೆ. 1922ರ ಜನವರಿಯಲ್ಲಿ ಅದನ್ನು 14 ವರ್ಷದ ಹುಡುಗನಿಗೆ ಕೊಟ್ಟರು. ಅಲ್ಲಿಯವರೆಗೆ ಈ ಕಾಯಿಲೆಯ ಮಕ್ಕಳು ಬದುಕುತ್ತಿರಲಿಲ್ಲ. ನಮ್ಮ ಮನೆಯ ಹಿರಿಯರು ಇಂದು ನಮ್ಮ ಜತೆ ಕುಳಿತು ಊಟ ಮಾಡುತ್ತಿರುವುದರ ಹಿಂದೆ ಹೆಸರಿಲ್ಲದ ಆ ಪ್ರಾಣಿಗಳ ಜೀವವಿದೆ.

ನಮ್ಮ ಬೆಕ್ಕು ಈಗಲೂ ದಿನಕ್ಕೆ ಎರಡು ಸಲ ಒಂದೊಂದು ಯೂನಿಟ್ ತೆಗೆದುಕೊಳ್ಳುತ್ತದೆ. ಪೂರ್ತಿ ಗುಣವಾಗಿಲ್ಲ. ಮೂರು ಕಿಲೋ ಇದ್ದದ್ದು ನಾಲ್ಕು ಕಿಲೋ ದಾಟಿದೆ, ಹಿಮ್ಮಡಿ ಊರಿ ನಡೆಯುವುದು ಬಿಟ್ಟಿದೆ. ಸಂಜೆಯ ಗಂಟೆ ಬಾರಿಸಿದರೆ ಎಲ್ಲಿದ್ದರೂ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂರುತ್ತದೆ. ನಿಮ್ಮ ಮನೆಯ ಬೆಕ್ಕು ಇದ್ದಕ್ಕಿದ್ದಂತೆ ಹೆಚ್ಚು ನೀರು ಕುಡಿಯತೊಡಗಿದರೆ ಹುಳದ ಔಷಧಿ ಹಾಕಿ ಕಾಯಬೇಡಿ. ಒಮ್ಮೆ ಮೃಗಾಸ್ಪತ್ರೆಗೆ ಒಯ್ಯಿರಿ. ಹೋಗುವಾಗ ಗೋಣಿಚೀಲ ಬೇಡ, ಒಂದು ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ, ಮೇಲೆ ಮುಚ್ಚಿ ಕರೆದುಕೊಂಡು ಹೋಗಿ.